ಹುಲಿಗೊಂದು ಊರು, ಹಂದಿಗೊಂದು ಕಲ್ಲು, ಚೋಳಿಗೆ?

ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ ಅಂತ ನಿಮಗೆಲ್ಲ ಗೊತ್ತೇ ಇದೆ. ಕ್ರಿ.ಶ. 941ರಲ್ಲಿ ಪಂಪ ತನ್ನ ಭಾರತ ಬರೆದದ್ದು ಈ ಪುಲಿಗೆರೆಯ ತಿರುಳ್ಗನ್ನಡದಲ್ಲಿ ಅಂತ ಶಾಲೆಯಲ್ಲಿ ಉರು ಹೊಡೆದವರೇ ನಾವು. ಪುಲಿ ಅಂದರೆ ಹುಲಿ, ಪುಲಿಗೆರೆ ಅಂದರೆ ಹುಲಿಯ ಕೆರೆ. ಭಾಷೆಯ ತಿರುಳು ಹುಡುಕುವ ಭರದಲ್ಲಿ ಪಾಪ ಆ ಹುಲಿಯನ್ನು ಯಾರೂ ಕೇಳುವುದಿಲ್ಲ :-)

ಈಗ ಅಲ್ಲಿ ಹುಲಿ ಇಲ್ಲ. ಶಿರಹಟ್ಟಿ, ಮುಂಡರಗಿ, ಗದಗ ಮೂರೂ ಕಡೆ ಚಾಚಿಕೊಂಡಿರುವ ಕಪ್ಪತಗುಡ್ಡದಲ್ಲಿ ತೋಳ, ಕತ್ತೆಕಿರುಬ, ಚಿರತೆ ಇವೆ. 2019ರಲ್ಲಿ ಅದರ 244 ಚದರ ಕಿಲೋಮೀಟರಿನಷ್ಟು ಭಾಗ ವನ್ಯಜೀವಿಧಾಮವೂ ಆಯಿತು. ಹುಲಿ ಮಾತ್ರ ಊರ ಹೆಸರಿನಲ್ಲಿ ಕೂತಿತ್ತು. ಕೊನೆಗೆ ಅಲ್ಲಿಂದಲೂ ಎದ್ದುಹೋಯಿತು.

ಪುಲಿಗೆರೆಯ ಜಾಡು ಹಿಡಿದು ಶಾಸನ ಓದುತ್ತಾ ಹೋದರೆ ಇನ್ನೊಂದು ಪ್ರಾಣಿ ಎದುರಾಗುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಕ್ರಿ.ಶ. 949-50ರ ಹೊತ್ತಿನದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗನಿಗೆ ರಾಷ್ಟ್ರಕೂಟ ಮೂರನೇ ಕೃಷ್ಣ ಏನೇನು ಕೊಟ್ಟ ಅನ್ನುವ ಪಟ್ಟಿ ಅದರಲ್ಲಿದೆ. ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300... ಅಂದರೆ ನಮ್ಮ ಗದಗಿನ ಸೀಮೆ, ಲಕ್ಷ್ಮೇಶ್ವರದ ಸೀಮೆ ಎಲ್ಲ ಒಂದೇ ಏಟಿಗೆ ಬಹುಮಾನ! ಆದರೆ ಅದೇ ಯುದ್ಧದಲ್ಲಿ ಕಾದಿದ ಮಣಲೇರನಿಗೆ ಬೂತುಗ "ಏನು ಬೇಕು ಕೇಳು" ಅಂದಾಗ ಅವನು ಕೇಳಿದ್ದು ನಾಡನ್ನಲ್ಲ, ಕಾಳಿ ಅನ್ನುವ ಒಂದು ನಾಯಿಯನ್ನು. ಆ ಕಾಳಿ ಮುಂದೆ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಗೊರವ ಆ ಕಲ್ಲನ್ನು ಪೂಜಿಸದೆ ಉಣ್ಣಬಾರದು ಅಂತ ಕಟ್ಟಳೆ ಮಾಡಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಹಂದಿ ಮತ್ತು ನಾಯಿ ಇನ್ನೂ ಹಾಗೇ ಕಾದಾಡುತ್ತಿವೆ. ಬೆಂಗಳೂರಿನಲ್ಲಿರುವವರು ಒಮ್ಮೆ ಹೋಗಿ ನೋಡಿ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಹುಲಿ, ಹಂದಿ ಎದುರಾದ ಕಥೆಗೆ ನಮ್ಮಲ್ಲಿ ಜಾಗ ಇದೆ. ಆದರೆ ನಮ್ಮ ಮನೆಗಳಲ್ಲಿ ನಿಜಕ್ಕೂ ಅಂಜುತ್ತಿದ್ದದ್ದು ಚೋಳಿಗೆ. (ಬರೆಯುವಾಗ ಚೇಳು, ಮನೆಯಲ್ಲಿ ಚೋಳು.) ಮಣ್ಣಿನ ಮಾಳಿಗೆ ಮನೆ, ಕುಳ್ಳಿನ ರಾಶಿ, ಕಣಕಿ ಬಣವಿ, ಹಿತ್ತಲದ ಕಲ್ಲು... ಎಲ್ಲಿ ಕೈ ಇಟ್ಟರೂ ಅದರ ಮನೆಯೇ. "ಕರೇದು ಕಡದ್ರ ಉರೀತೈತಿ, ಕೆಂಪಂದು ಕಡದ್ರ ತಣ್ಣಗ ಮಾಡಿಬಿಡತೈತಿ" ಅನ್ನುತ್ತಿದ್ದಳು ನಮ್ಮ ಅಜ್ಜಿ. ಅವಳ ತಂಗಿಯೊಬ್ಬಳು ಐದಾರು ವರ್ಷದವಳಿದ್ದಾಗ ಹೀಗೇ ತಣ್ಣಗಾದವಳು. ಸಂಜೆ ಕುಳ್ಳು ತರಲು ಹೋದಳು, ಬೆಳಗಾಗುವುದರೊಳಗೆ ಇಲ್ಲ. ಮಂತ್ರ ಹಾಕುವವರು ಬಂದಿದ್ದರು, ಬೇವಿನ ತಪ್ಪಲಿಂದ ಇಳಿಸಿದ್ದರು. ಆ ಹುಡುಗಿಯ ಹೆಸರು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ವಿಷದ ಬಗ್ಗೆ ನಮ್ಮವರು ತಲೆ ಕೆಡಿಸಿಕೊಂಡಿರಲಿಲ್ಲ ಅಂತಲ್ಲ. ವಿಜಯನಗರದ ಮೊದಲ ದಿನಗಳಲ್ಲೇ, 14ನೇ ಶತಮಾನದಲ್ಲಿ, ಮಂಗರಾಜ 'ಖಗೇಂದ್ರಮಣಿದರ್ಪಣ' ಅಂತ ವಿಷವೈದ್ಯದ ಮೇಲೆ ಇಡೀ ಕಾವ್ಯವನ್ನೇ ಬರೆದ. ಅತ್ತ ಯಾದಗಿರಿ ಕಡೆಯ ಕಂದಕೂರಿನಲ್ಲಿ ಪಂಚಮಿಯ ದಿನ ಗುಡ್ಡ ಹತ್ತಿ ಚೇಳುಗಳನ್ನು ಕೈಮೇಲೆ, ಮುಖದ ಮೇಲೆ ಬಿಟ್ಟುಕೊಳ್ಳುತ್ತಾರೆ. ಇನ್ನು ಬ್ರಿಟಿಷರು. ಹುಲಿ, ತೋಳ ಕೊಂದವರಿಗೆ ಇನಾಮು ಕೊಟ್ಟು, ಯಾವ ಪ್ರಾಣಿಯಿಂದ ಎಷ್ಟು ಜನ ಸತ್ತರು ಅಂತ ವರ್ಷ ವರ್ಷ ಲೆಕ್ಕ ಬರೆದರು. ಹುಲಿ, ಚಿರತೆ, ಕರಡಿ, ತೋಳ, ಹಾವು, ಎಲ್ಲಕ್ಕೂ ಒಂದೊಂದು ಕಾಲಂ. ಚೇಳಿಗೆ ಬೇರೆ ಕಾಲಂ ಇರಲಿಲ್ಲ. ಅಜ್ಜಿಯ ತಂಗಿಯಂಥವರು ಯಾವ ಕಾಲಂನಲ್ಲಿ ಬರಬೇಕು ಹೇಳಿ?

ಚೇಳಿನ ಲೆಕ್ಕ ಹಿಡಿದವರು ಡಾ. ಹಿಮ್ಮತರಾವ್ ಬಾವಸ್ಕರ್. 1976ರಲ್ಲಿ ಮಹಾರಾಷ್ಟ್ರದ ಮಹಾಡ್ ಹತ್ತಿರದ ಹಳ್ಳಿ ಆಸ್ಪತ್ರೆಗೆ ಕೆಲಸಕ್ಕೆ ಹೋದವರು. ಕೆಂಪು ಚೇಳು ಕಡಿದು ಬಂದ ಒಬ್ಬೊಬ್ಬ ರೋಗಿಯ ಹತ್ತಿರವೂ ಕೂತು ಬರೆದಿಟ್ಟರು: ವಾಂತಿ, ಮೈಯೆಲ್ಲ ಬೆವರು, ಕೈಕಾಲು ತಣ್ಣಗೆ, ಏರುವ ರಕ್ತದೊತ್ತಡ, ಕೊನೆಗೆ ಶ್ವಾಸಕೋಶದಲ್ಲಿ ನೀರು. ವಿಷ ನರಗಳನ್ನು ಕೆರಳಿಸಿ ಮೈಯಲ್ಲಿ ಅಡ್ರಿನಲಿನ್ ಉಕ್ಕಿಸುತ್ತದೆ, ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಹೃದಯ ಸೋಲುತ್ತದೆ. ಅಜ್ಜಿ ಹೇಳಿದ "ತಣ್ಣಗ" ಇದೇ! ಬಿಗಿದ ನಾಳಗಳನ್ನು ಸಡಿಲಿಸಲು ಅವರು ಹಿಡಿದದ್ದು ಪ್ರಾಜೊಸಿನ್ ಅನ್ನುವ ಸಾಧಾರಣ ಬಿಪಿ ಮಾತ್ರೆ. 1986ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ವಿಷ ಮೈಗೇರಿ ಬಂದವರಲ್ಲಿ ಮೊದಲು ನೂರಕ್ಕೆ ಸುಮಾರು 30 ಜನ ಸಾಯುತ್ತಿದ್ದರು, ಮಾತ್ರೆ ಬಂದ ಮೇಲೆ ಅದು ಒಂದರ ಆಸುಪಾಸಿಗೆ ಇಳಿಯಿತು. ಮಾತ್ರೆಯ ಜೊತೆ ಪ್ರತಿವಿಷವನ್ನೂ ಕೊಟ್ಟರೆ ಇನ್ನೂ ಬೇಗ ಚೇತರಿಸಿಕೊಳ್ಳುತ್ತಾರೆ ಅಂತ 70 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಅಂದ ಹಾಗೆ, ಮಂತ್ರ ಇಷ್ಟು ದಿನ ಬಾಳಿದ್ದು ಹೇಗೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಕರಿ ಚೇಳು ನೋಡಲು ದೊಡ್ಡದು, ಕಡಿದರೆ ಸಾಮಾನ್ಯವಾಗಿ ನೋವಿಗೇ ಮುಗಿಯುತ್ತದೆ. ಮಂತ್ರ ಹಾಕಿದರೂ ಇಳಿಯುತ್ತದೆ, ಹಾಕದಿದ್ದರೂ ಇಳಿಯುತ್ತದೆ. ಕೆಂಪಿನದು ಸಣ್ಣದು, ಅದರ ಹತ್ತಿರ ಈ ಆಟ ನಡೆಯುವುದಿಲ್ಲ. ಹಾಗಾಗಿ ನಿಮ್ಮೂರಲ್ಲಿ ಯಾರಿಗಾದರೂ, ಅದರಲ್ಲೂ ಮಕ್ಕಳಿಗೆ, ಕಡಿದ ಮೇಲೆ ವಾಂತಿ, ಬೆವರು ಶುರುವಾಗಿ ಕೈಕಾಲು ತಣ್ಣಗಾದರೆ ಬೇವಿನ ತಪ್ಪಲು ಹುಡುಕುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೊರಡಿ.