ಕುಯ್ದ ಮೈ ಕಟ್ಟಿದವರು ಯಾರು?

ಮೈಸೂರಿನ ಶ್ರೀರಾಂಪುರದಲ್ಲಿ ನಮ್ಮ ಅಣ್ಣನ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಹೊರಗೆ ನಲ್ಲಿ. ಆಪರೇಷನ್ ಆಗಿ ಅತ್ತಿಗೆ ಮನೆಗೆ ಬಂದ ದಿನ ಬೀದಿಯ ಹೆಂಗಸರು ನೋಡೋಕೆ ಬಂದರು. ಎಡಗಡೆ ಮೊಲೆಯಲ್ಲಿ ಕ್ಯಾನ್ಸರ್ ಗಂಟು ಇತ್ತು. ಮೊಲೆ ತೆಗೆದು, ತೆಗೆದ ಜಾಗದಲ್ಲಿ ಸಿಲಿಕೋನಿನ ಚೀಲ ಇಟ್ಟು ಹೊಲಿದಿದ್ದರು. ಗಾಯದಿಂದ ಎರಡು ನಳಿಕೆ ಹೊರಗೆ ಬಂದಿದ್ದವು. ಅವುಗಳ ತುದಿಯಲ್ಲಿ ಎರಡು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ನೀರು ಬೆರೆತ ರಕ್ತ. ಅತ್ತಿಗೆ ಅವನ್ನು ಬಟ್ಟೆ ಚೀಲಕ್ಕೆ ಹಾಕಿ ಕೊರಳಿಗೆ ನೇತುಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದರು.

ಬಂದವರಲ್ಲಿ ಒಬ್ಬ ಅಜ್ಜಿ ಬಾಯಿಬಿಟ್ಟು ಕೇಳೇಬಿಟ್ಟಿತು: “ಮಕ್ಳು ಮದ್ವೆಗ್ ಬಂದವ್ರೆ. ಈ ವಯಸ್ನಲ್ಲಿ ಇದ್ಯಾಕವ್ವ ಬೇಕಿತ್ತು? ಜೀವ ಉಳೀತಲ್ಲ, ಸಾಲ್ದಾ?”

“ನಂಗ್ ಬೇಕಿತ್ತು ಕಣಜ್ಜಿ” ಅಂದರು ಅತ್ತಿಗೆ. ಮತ್ತೆ ಮಾತಾಡಲಿಲ್ಲ.

ಅಜ್ಜಿಯದು ಕೆಟ್ಟ ಮನಸ್ಸಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ತೆಗೆಯೋಕೆ ಕಾರ್ಡು ಆಗಿತ್ತು. ಕಟ್ಟೋಕೆ ಮಾತ್ರ ಸರ ಗಿರವಿ ಇಡಬೇಕಾಯ್ತು. ಅದನ್ನು ಕೇಳಿದ ನೆಂಟರೂ ಇದೇ ಮಾತು ಆಡಿದರು. ಹಣ ಇರುವವರು ಮಾಡಿಸಿಕೊಂಡರೆ ಅದು ಚಿಕಿತ್ಸೆ. ನಮ್ಮವರು ಮಾಡಿಸಿಕೊಂಡರೆ ಅದು ಶೋಕಿ. ಈ ಭೇದ ಎಲ್ಲಿಂದ ಬಂತು? ಕುಯ್ದ ಮೈಯನ್ನು ಮತ್ತೆ ಕಟ್ಟುವ ವಿದ್ಯೆ ಮೊದಲು ಯಾರ ಕೈಯಲ್ಲಿತ್ತು, ಯಾರ ಮೈ ಮೇಲೆ ಕಲಿತದ್ದು? ಚರಿತ್ರೆ ನೋಡಿದರೆ ಅದು ಶ್ರೀರಾಂಪುರಕ್ಕೆ ಬಹಳ ದೂರದಲ್ಲೇನೂ ಶುರುವಾಗೋದಿಲ್ಲ.

*

1792. ಮೂರನೆಯ ಮೈಸೂರು ಯುದ್ಧ. ಕಾರ್ನ್‌ವಾಲಿಸನ ಸೈನ್ಯ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿತ್ತು. ಇಂಗ್ಲಿಷರ ಸೈನ್ಯದ ಸಾಮಾನು ಎಳೆಯೋಕೆ ಸಾವಿರಾರು ಎತ್ತು, ಆ ಎತ್ತು ಹೊಡೆಯೋಕೆ ಬಡವರು. ಅವರಲ್ಲಿ ಒಬ್ಬ ಕಾವಸ್‌ಜಿ, ಮರಾಠಿ ರೈತಾಪಿ ಜಾತಿಯವನು. ಇಂಗ್ಲಿಷರ ಬರಹ ಹೇಳುವಂತೆ ಅವನು ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕ. ಮೂಗು ಕುಯ್ದು, ಒಂದು ಕೈ ಕತ್ತರಿಸಿ ಬಿಟ್ಟರು. ಅರಸರ ಜಗಳ ಅರಸರದು, ಕಂಪನಿಯ ಲಾಭ ಕಂಪನಿಯದು. ಮೂಗು ಮಾತ್ರ ಎತ್ತು ಹೊಡೆಯುವವನದು.

ಒಂದು ವರ್ಷಕ್ಕೂ ಮೇಲೆ ಅವನು ಮೂಗಿಲ್ಲದೆ ಬದುಕಿದ. ಆಮೇಲೆ ಪುಣೆಯ ಹತ್ತಿರ ಒಬ್ಬ ಅವನಿಗೆ ಹೊಸ ಮೂಗು ಕಟ್ಟಿದ. ಕಟ್ಟಿದವನು ಇಟ್ಟಿಗೆ ಮಾಡುವ ಜಾತಿಯವನು. ಈ ಚಿಕಿತ್ಸೆಯ ವಿವರ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಚಿತ್ರದ ಸಮೇತ ಅಚ್ಚಾಯಿತು. ಕೆಲಸದ ಕ್ರಮ ಹೀಗೆ: ಮೇಣದ ತೆಳ್ಳನೆ ಹಾಳೆಯನ್ನು ಮೂಗಿನ ಮೋಟಿಗೆ ಒತ್ತಿ ಅಳತೆ ತೆಗೆಯೋದು. ಅದನ್ನೇ ಹಣೆ ಮೇಲೆ ಚಪ್ಪಟೆ ಹರಡಿ ಸುತ್ತ ಗೆರೆ ಎಳೆಯೋದು. ಗೆರೆಯ ಗುಂಟ ಹಣೆಯ ಚರ್ಮ ಬಿಡಿಸೋದು. ಆದರೆ ಎರಡು ಕಣ್ಣಿನ ನಡುವೆ ಒಂದು ಎಳೆ ಚರ್ಮವನ್ನು ಕಡಿಯದೆ ಹಾಗೇ ಬಿಡೋದು. ಬಿಡಿಸಿದ ಚರ್ಮವನ್ನು ಕೆಳಕ್ಕೆ ತಿರುಗಿಸಿ ಮೂಗಿನ ಜಾಗಕ್ಕೆ ಕೂರಿಸೋದು. ಹೊಲಿಗೆ ಇಲ್ಲ. ನಾವು ಎಲೆ ಅಡಿಕೆಗೆ ಹಾಕಿಕೊಳ್ಳುವ ಕಾಚನ್ನು ನೀರಲ್ಲಿ ಕಲಸಿ, ಬಟ್ಟೆ ಪಟ್ಟಿಗೆ ಬಳಿದು ಅಂಟಿಸೋದು. ಸುಮಾರು 25 ದಿನ ಆದಮೇಲೆ, ಚರ್ಮ ಹೊಸ ಜಾಗದಲ್ಲಿ ಬೇರು ಬಿಟ್ಟಿದೆ ಅಂತ ಗೊತ್ತಾದಾಗ, ಆ ಉಳಿಸಿದ ಎಳೆಯನ್ನು ಕತ್ತರಿಸೋದು.

ಆ ಎಳೆಯಲ್ಲಿದೆ ಇಡೀ ವಿದ್ಯೆ. ಅದರೊಳಗೆ ರಕ್ತ ಹರಿಯುತ್ತಿರುತ್ತದೆ. ಅದನ್ನು ಮೊದಲೇ ಕಡಿದರೆ ಚರ್ಮ ಸಾಯುತ್ತದೆ. ಪೈರು ಕಿತ್ತು ನಾಟಿ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಬರಹ ಓದಿದ ಇಂಗ್ಲಿಷ್ ವೈದ್ಯ ಜೋಸೆಫ್ ಕಾರ್ಪ್ಯೂ ಮೊದಲು ಹೆಣಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಲಂಡನ್ನಿನಲ್ಲಿ ಜೀವಂತ ಮನುಷ್ಯನ ಮೇಲೆ ಇದೇ ರೀತಿ ಮಾಡಿದ. 1816ರಲ್ಲಿ ಪುಸ್ತಕ ಬರೆದ. ಇವತ್ತು ಜಗತ್ತು ಪ್ಲಾಸ್ಟಿಕ್ ಸರ್ಜರಿ ಅನ್ನುವ ವಿದ್ಯೆಗೆ ಯೂರೋಪಿನಲ್ಲಿ ಹೊಸ ಜೀವ ಬಂದದ್ದು ಹೀಗೆ.

ಗೆಳೆಯರೆ, ಇಲ್ಲಿ ಒಂದು ವಿಷಯ ಗಮನಿಸಬೇಕು. ಪತ್ರಿಕೆಯಲ್ಲಿ ಮೂಗು ಕಳಕೊಂಡವನ ಹೆಸರಿದೆ. ಪಕ್ಕದಲ್ಲಿ ನಿಂತು ನೋಡಿದ ಇಬ್ಬರು ಇಂಗ್ಲಿಷ್ ವೈದ್ಯರ ಹೆಸರಿದೆ. ಮೂಗು ಕಟ್ಟಿದವನ ಹೆಸರಿಲ್ಲ! ಅವನಿಗೆ ಜಾತಿ ಮಾತ್ರ ಇದೆ. ನಮ್ಮ ಪಂಡಿತರೇನು ಕಡಿಮೆಯಲ್ಲ. ಕೇಳಿದರೆ ಸುಶ್ರುತ ಅನ್ನುತ್ತಾರೆ. ಸುಶ್ರುತನ ಗ್ರಂಥದಲ್ಲಿ ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮ ಇರೋದು ನಿಜ. ಆದರೆ ವೈದ್ಯನ ಮನೆಯ ಅನ್ನ ಉಣ್ಣಬಾರದು ಅಂತ ಕಟ್ಟಳೆ ಮಾಡಿದ್ದು ಮನುಸ್ಮೃತಿ. ಕೀವು ರಕ್ತ ಮುಟ್ಟುವ ಕೈ ಮೈಲಿಗೆಯಾದ ಮೇಲೆ ಕತ್ತಿ ಯಾರ ಕೈಗೆ ಬಂತು? ಗ್ರಂಥ ಪಂಡಿತರ ಮನೆಯಲ್ಲಿ ಉಳಿಯಿತು. 1790ರ ದಶಕದಲ್ಲಿ ಮೂಗು ಕಟ್ಟಿದ್ದು ಮಣ್ಣು ಕಲಸುವ ಕೈ.

*

ಮೂಗಿನ ಮಾತು ಹೀಗಾದರೆ ಮೊಲೆಯದು ಇನ್ನೊಂದು. ಹೆಂಗಸಿನ ಎದೆ ಅವಳದೇ ಅಂತ ನಮ್ಮ ಸಮಾಜ ಯಾವತ್ತೂ ಒಪ್ಪಿದ್ದಿಲ್ಲ. ತಿರುವಾಂಕೂರಿನಲ್ಲಿ ಚಾನ್ನಾರ್ ಹೆಂಗಸರು ಮೇಲ್ಜಾತಿಯವರಂತೆ ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೊಡೆತ ತಿಂದರು. 1859ರಲ್ಲಿ ಅರಸ ಅಪ್ಪಣೆ ಕೊಡಬೇಕಾಯಿತು. ಆಗಲೂ ಮೇಲ್ಜಾತಿಯವರಂತೆಯೇ ಉಡಬಾರದು ಅನ್ನುವ ಷರತ್ತು ಹಾಕಿಯೇ ಕೊಟ್ಟ. ಚೇರ್ತಲದ ನಂಗೇಲಿ ತನ್ನ ಮೊಲೆ ಕುಯ್ದು ತೆರಿಗೆಯವರ ಮುಂದಿಟ್ಟಳೆಂಬ ಕತೆ ಜನರ ಬಾಯಲ್ಲಿ ಉಳಿದು ಬಂದಿದೆ. ಮುಚ್ಚಬೇಕೋ ಬಿಡಬೇಕೋ ಅನ್ನೋದನ್ನು ಅರಸ, ಜಾತಿ, ಗಂಡ ಹೇಳುತ್ತಿದ್ದರು. ಆಮೇಲೆ ವೈದ್ಯ ಬಂದ.

ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಮೊಲೆ, ಅದರ ಅಡಿಯ ಎದೆಯ ಸ್ನಾಯು, ಕಂಕುಳ ಗ್ರಂಥಿ ಎಲ್ಲವನ್ನೂ ಒಟ್ಟಿಗೇ ತೆಗೆಯುತ್ತಿದ್ದರು. ಕ್ಯಾನ್ಸರ್ ಸುತ್ತಲ ಜಾಗಕ್ಕೆ ಹಂತ ಹಂತವಾಗಿ ಹರಡುತ್ತೆ, ಹೆಚ್ಚು ತೆಗೆದಷ್ಟೂ ಒಳ್ಳೇದು ಅನ್ನೋದು ಆಗಿನ ನಂಬಿಕೆ. ಎಷ್ಟೋ ಹೆಂಗಸರಿಗೆ ಎದೆ ಗುಳಿ ಬೀಳುತ್ತಿತ್ತು, ತೋಳು ಬಾತು ಕಂಬದಂತಾಗುತ್ತಿತ್ತು. ಸುಮಾರು ಮುಕ್ಕಾಲು ಶತಮಾನ ಇದೇ ನಡೆಯಿತು. ಬರ್ನಾರ್ಡ್ ಫಿಶರ್ ಮತ್ತು ಜೊತೆಯವರು 1985ರಲ್ಲಿ ಪ್ರಯೋಗದಿಂದ ತೋರಿಸಿದರು: ರೋಗ ಮುಂದುವರಿಯದ ಎಷ್ಟೋ ಹೆಂಗಸರಿಗೆ ಗಂಟನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ ಜೀವ ಅಷ್ಟೇ ಉಳಿಯುತ್ತೆ. ಆದರೆ ವಿಕಿರಣ ಅಂದರೆ ವಾರಗಟ್ಟಲೆ ದಿನಾ ಯಂತ್ರದ ಮುಂದೆ ಹೋಗಬೇಕು. ಯಂತ್ರ ದೊಡ್ಡ ಊರಲ್ಲಿದೆ. ಬಸ್ ಚಾರ್ಜು, ಊಟ, ಕಳೆದ ಕೂಲಿ ಯಾರು ಕೊಡಬೇಕು? ಹಾಡಿಯ ಹೆಂಗಸು, ಹೊಲಗೇರಿಯ ಹೆಂಗಸು ‘ಪೂರಾ ತೆಗೆದುಬಿಡಿ ಸಾಮಿ’ ಅಂದರೆ ಅದನ್ನು ಅವಳ ಆಯ್ಕೆ ಅನ್ನೋದು ಹೇಗೆ?

ತೆಗೆದದ್ದನ್ನು ಕಟ್ಟುವ ಯತ್ನವೂ ಅದೇ ಕಾಲದಲ್ಲಿ ಶುರುವಾಗಿತ್ತು. 1895ರಲ್ಲಿ ಜರ್ಮನಿಯ ಚೆರ್ನಿ ಒಬ್ಬ ಹೆಂಗಸಿನ ಬೆನ್ನ ಕೆಳಗಿದ್ದ ಕೊಬ್ಬಿನ ಗಡ್ಡೆ ತೆಗೆದು, ಮೊಲೆಯ ಜಾಗ ತುಂಬಿದ. 1906ರಲ್ಲಿ ಇಟಲಿಯ ತನ್ಸೀನಿ ಬೆನ್ನಿನ ಸ್ನಾಯು ಮತ್ತು ಚರ್ಮವನ್ನು ರಕ್ತನಾಳದ ಸಮೇತ ಮುಂದಕ್ಕೆ ತಿರುಗಿಸಿ ಎದೆ ಮುಚ್ಚಿದ್ದನ್ನು ಬರೆದ. ಕಡಿಯದೆ ತಿರುಗಿಸೋದು, ರಕ್ತದ ದಾರಿ ಉಳಿಸೋದು. ಪುಣೆಯ ಇಟ್ಟಿಗೆಯವನ ಲೆಕ್ಕವೇ ಇದು. ಇವತ್ತಿಗೂ ಹೊಟ್ಟೆಯ ಅಥವಾ ಬೆನ್ನಿನ ಮಾಂಸದಿಂದ ಮೊಲೆ ಕಟ್ಟುವವರು ಆ ಲೆಕ್ಕ ತಪ್ಪುವಂತಿಲ್ಲ.

ಸಿಲಿಕೋನ್ ಚೀಲದ ಕತೆ ಬೇರೆ. 1962ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಕ್ರೋನಿನ್ ಮತ್ತು ಜೆರೋ ಅನ್ನುವ ವೈದ್ಯರು ಮೊದಲು ಒಂದು ಹೆಣ್ಣು ನಾಯಿಗೆ, ಆಮೇಲೆ ಟಿಮ್ಮಿ ಜೀನ್ ಲಿಂಡ್ಸೆ ಎಂಬ ಹೆಂಗಸಿಗೆ ಅದನ್ನು ಇಟ್ಟರು. ಆಕೆ ಆರು ಮಕ್ಕಳ ತಾಯಿ, ದುಡಿದು ತಿನ್ನುವವಳು. ಬಡವರ ಆಸ್ಪತ್ರೆಗೆ ಬಂದದ್ದು ಎದೆ ಮೇಲಿನ ಹಚ್ಚೆ ಅಳಿಸಿಕೊಳ್ಳೋಕೆ. ಕ್ಯಾನ್ಸರೂ ಇರಲಿಲ್ಲ, ಚೀಲ ಬೇಕು ಅಂತ ಕೇಳಿಕೊಂಡೂ ಬಂದಿರಲಿಲ್ಲ. ನಾಯಿ ಆದಮೇಲೆ ಬಡವಿ; ಬಡವಿ ಆದಮೇಲೆ ಮಾರುಕಟ್ಟೆ.

ಮಾರುಕಟ್ಟೆ ತನ್ನ ಬುದ್ಧಿ ತೋರಿಸಿತು. ದೂರುಗಳು ಎದ್ದು 1992ರಲ್ಲಿ ಅಮೆರಿಕ ಸರ್ಕಾರ ಸಿಲಿಕೋನ್ ಜೆಲ್ ಚೀಲವನ್ನು ಬಹುಮಟ್ಟಿಗೆ ತಡೆಯಿತು. ಡೌ ಕಾರ್ನಿಂಗ್ ಕಂಪನಿ 1995ರಲ್ಲಿ ದಿವಾಳಿ ಅರ್ಜಿ ಹಾಕಿತು. 1999ರಲ್ಲಿ ಅಲ್ಲಿಯ ವಿಜ್ಞಾನಿಗಳ ಸಮಿತಿ ಇಡೀ ಮೈಗೆ ಕಾಯಿಲೆ ತರುತ್ತದೆ ಅನ್ನೋಕೆ ಪುರಾವೆ ಸಾಲದು, ಆದರೆ ಇಟ್ಟ ಜಾಗದಲ್ಲಿ ಒಡೆಯೋದು, ಗಟ್ಟಿಯಾಗೋದು ನಿಜ ಅಂದಿತು. 2006ರಲ್ಲಿ ಮತ್ತೆ ಒಪ್ಪಿಗೆ ಸಿಕ್ಕಿತು. 2010ರಲ್ಲಿ ಫ್ರಾನ್ಸಿನ ಪಿ.ಐ.ಪಿ. ಕಂಪನಿ ಅಗ್ಗದ ಕೈಗಾರಿಕಾ ಸಿಲಿಕೋನ್ ತುಂಬಿ ಮಾರಿದ್ದು ಬಯಲಾಯಿತು. 2019ರಲ್ಲಿ ಅಲರ್ಗನ್ ಕಂಪನಿಯ ಒರಟು ಮೈಯ ಚೀಲಗಳನ್ನು, ಅಪರೂಪದ ಒಂದು ಕ್ಯಾನ್ಸರಿಗೆ ಸಂಬಂಧ ಕಂಡುಬಂದದ್ದರಿಂದ, ಲೋಕದಾದ್ಯಂತ ವಾಪಸು ತೆಗೆದುಕೊಂಡರು. ಅದಕ್ಕೇ ಚೀಲ ಇಡಿಸಿಕೊಂಡ ಹೆಂಗಸು ಅದರ ಕಂಪನಿ, ನಂಬರು ಇರುವ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಜೋಪಾನ ಮಾಡಬೇಕು. ಕೊಡದಿದ್ದರೆ ಕೇಳಿ ತಗೋಬೇಕು.

*

ಹಾಗಾದರೆ ಇದೆಲ್ಲ ಬಂಡವಾಳಶಾಹಿಯ ಮೋಸ, ನಮ್ಮ ಹೆಂಗಸರಿಗೆ ಬೇಡ ಅನ್ನೋಣವೆ? ಅದನ್ನು ಹೇಳೋಕೆ ಒಬ್ಬಾಕೆಗೆ ಹಕ್ಕಿತ್ತು, ಹೇಳಿದಳು. ನ್ಯೂಯಾರ್ಕಿನ ಕಪ್ಪು ಕವಿ ಆಡ್ರೆ ಲಾರ್ಡ್ 1978ರಲ್ಲಿ ಒಂದು ಮೊಲೆ ಕಳಕೊಂಡಳು. ಒಳಗೆ ಚೀಲ ಬೇಡ, ಹೊರಗೆ ಹುಸಿ ಮೊಲೆಯೂ ಬೇಡ ಅಂದಳು. ಹಾಗೇ ವೈದ್ಯರ ಬಳಿ ಹೋದಾಗ ಅಲ್ಲಿಯ ನರ್ಸು, ನೀನು ಹೀಗೆ ಬಂದರೆ ಉಳಿದವರ ಮನಸ್ಸು ಕುಗ್ಗುತ್ತೆ ಅನ್ನುವ ಅರ್ಥದ ಮಾತಾಡಿದಳಂತೆ. ಈ ಅನುಭವವನ್ನೆಲ್ಲ ಆಕೆ 1980ರ ತನ್ನ ‘ಕ್ಯಾನ್ಸರ್ ಜರ್ನಲ್ಸ್’ ಪುಸ್ತಕದಲ್ಲಿ ಬರೆದಳು. ಕುಯ್ಸಿಕೊಂಡ ಹೆಂಗಸರು ಒಬ್ಬರಿಗೊಬ್ಬರು ಕಾಣದಂತೆ ಮುಚ್ಚಿಡೋದೇ ಆಕೆಗೆ ದೊಡ್ಡ ಅನ್ಯಾಯವಾಗಿ ಕಂಡಿತು.

ಲಾರ್ಡ್‌ಗೆ ‘ಹಾಕ್ಕೋ’ ಅಂದರು. ನಮ್ಮ ಅತ್ತಿಗೆಗೆ ‘ಯಾಕೆ ಹಾಕಿಸಿಕೊಂಡೆ’ ಅಂದರು. ಮಾತು ಬೇರೆ ಬೇರೆ ಕಂಡರೂ ಒಂದೇ. ನಿನ್ನ ಮೈಗೆ ಏನು ಬೇಕು ಅಂತ ನಾವು ಹೇಳುತ್ತೇವೆ ಅನ್ನೋದು. ಬೇಡ ಅನ್ನೋ ಹಕ್ಕೂ ಬೇಕು ಅನ್ನೋ ಹಕ್ಕೂ ಒಂದೇ ಬಳ್ಳಿಯವು. ಬೇಕು ಅಂದವಳಿಗೆ ಸಿಗದಿದ್ದರೆ ಬೇಡ ಅನ್ನೋದಕ್ಕೆ ಬೆಲೆ ಇಲ್ಲ.

ನಮ್ಮ ಕಡೆ ಆಸ್ಪತ್ರೆ ಕಟ್ಟಿದ ಚರಿತ್ರೆಯನ್ನೂ ನೆನೆಯಬೇಕು. ದೇವದಾಸಿ ಸಮುದಾಯದ ತಾಯಿಗೆ ಹುಟ್ಟಿದ ಡಾ. ಮುತ್ತುಲಕ್ಷ್ಮಿ ರೆಡ್ಡಿ ತಂಗಿಯನ್ನು ಕ್ಯಾನ್ಸರಿಗೆ ಕಳಕೊಂಡರು. ದೇವದಾಸಿ ಪದ್ಧತಿಯ ವಿರುದ್ಧ ಮದ್ರಾಸ್ ಶಾಸನ ಸಭೆಯಲ್ಲಿ ಹೋರಾಡಿದ ಅದೇ ಹೆಂಗಸು 1954ರಲ್ಲಿ ಅಡ್ಯಾರಿನಲ್ಲಿ ಕ್ಯಾನ್ಸರ್ ಆಸ್ಪತ್ರೆ ತೆರೆದರು. ಬೆಂಗಳೂರಿನ ಕಿದ್ವಾಯಿ ಬಂದದ್ದು 1973ರಲ್ಲಿ. ಈಗ ನಮ್ಮ ದೇಶದ ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಕ್ಯಾನ್ಸರು ಮೊಲೆಯದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಅಂದಾಜಿನಂತೆ 2022ರಲ್ಲಿ ಹೊಸದಾಗಿ ಸುಮಾರು 1 ಲಕ್ಷ 92 ಸಾವಿರ ಮಂದಿಗೆ ಬಂತು. ಸುಮಾರು 98 ಸಾವಿರ ಮಂದಿ ಸತ್ತರು. ತಡವಾಗಿ ಬರೋದೇ ಇಷ್ಟು ಸಾವಿಗೆ ದೊಡ್ಡ ಕಾರಣ. ಗಂಟು ಸಿಕ್ಕರೂ ಹೆಂಗಸು ಬಾಯಿಬಿಡೋದಿಲ್ಲ, ಯಾಕಂದರೆ ಆ ಅಂಗದ ಹೆಸರನ್ನೇ ನಾವು ಬೈಗುಳ ಮಾಡಿಟ್ಟಿದ್ದೇವೆ. ಮೇಷ್ಟರುಗಳು ಶಾಲೆಯಲ್ಲಿ ಆ ಪಾಠ ಬಂದಾಗ ಹಾಳೆ ಮಗುಚುತ್ತಾರೆ. ನಾನೂ ಮಗುಚಿದ್ದೇನೆ.

*

ಇನ್ನು ಆಪರೇಷನ್ ಆದಮೇಲಿನ ಚರಿತ್ರೆ. ಇದನ್ನು ಯಾರೂ ಬರೆಯೋದಿಲ್ಲ.

ನಳಿಕೆ ತೆಗೆಯೋ ತನಕ, ಅಂದರೆ ಒಂದೆರಡು ವಾರ, ಡಬ್ಬಿಯಲ್ಲಿ ಎಷ್ಟು ತುಂಬಿತು ಅಂತ ದಿನಾ ಬರೆದಿಡಬೇಕು. ಅಣ್ಣನ ಮಗಳು ತನ್ನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಳು. ಕೆಲವು ವಾರ ಭಾರ ಎತ್ತುವಂತಿಲ್ಲ: ಕೊಡ ಇಲ್ಲ, ಗ್ಯಾಸ್ ಸಿಲಿಂಡರ್ ಇಲ್ಲ, ಮಗುವೂ ಇಲ್ಲ. ಕೈ ಭುಜಕ್ಕಿಂತ ಮೇಲೆ ಹೋಗಕೂಡದು. ಕಂಕುಳ ಗ್ರಂಥಿ ತೆಗೆದ ಕಡೆಯ ಕೈ ಬಾಯದಂತೆ ಮುಂದೆಯೂ ಕಾಯಬೇಕು. ಕೆಂಪಾದರೆ, ಜ್ವರ ಬಂದರೆ ತಡ ಮಾಡದೆ ಓಡಬೇಕು. ಕಟ್ಟಿದ ಮೊಲೆಗೆ ಮೊದಲಿನ ಸ್ಪರ್ಶ ಬರೋದಿಲ್ಲ. ಅದರ ಸುತ್ತ ಮೈ ತಾನೇ ಒಂದು ಪೊರೆ ಕಟ್ಟುತ್ತೆ. ಕೆಲವರಿಗೆ ಅದು ಬಿಗಿದು ನೋಯುತ್ತೆ, ವಿಕಿರಣ ಆದವರಿಗೆ ಇನ್ನೂ ಹೆಚ್ಚು. ಚೀಲ ಸಾಯೋ ತನಕ ಬಾಳುವ ವಸ್ತುವಲ್ಲ, ಮುಂದೆ ಬದಲಿಸಬೇಕಾಗಿ ಬರಬಹುದು. ಇಷ್ಟನ್ನೂ ಮೊದಲೇ, ಅವಳಿಗೆ ತಿಳಿಯೋ ಭಾಷೆಯಲ್ಲಿ ಹೇಳಿದ್ದರೆ ಮಾತ್ರ ಅವಳು ಒತ್ತಿದ ಹೆಬ್ಬೆಟ್ಟಿಗೆ ಅರ್ಥ. ಅತ್ತಿಗೆಗೆ ಹೇಳಿದ್ದು ಅರ್ಧ. ಉಳಿದರ್ಧ ಪಕ್ಕದ ಮಂಚದ ಹೆಂಗಸು ಹೇಳಿದ್ದು.

‘ರೆಸ್ಟ್ ತಗೊಳ್ಳಿ’ ಅಂತ ಚೀಟಿಯಲ್ಲಿ ಬರೆಯೋದು ಸುಲಭ. ದುಡಿಯುವ ಮನೆಯಲ್ಲಿ ರೆಸ್ಟ್ ಅನ್ನೋದು ಇನ್ನೊಬ್ಬ ಹೆಂಗಸಿನ ದುಡಿಮೆ. ಹದಿನೈದು ದಿನ ನೀರು ಹೊತ್ತದ್ದು ಆ ಪ್ರಶ್ನೆ ಕೇಳಿದ ಅಜ್ಜಿಯ ಸೊಸೆ. ಅಣ್ಣ ಮೊದಲ ಸಲ ಮುದ್ದೆ ತಿರುವಿದ. ಗಂಟಾಯ್ತು, ಎಲ್ಲರೂ ಉಂಡೆವು.

ಒಂದು ಸಂಜೆ ನಾನೂ ಕೇಳಿದೆ: “ಅತ್ಗೆ, ನಿಜ್ವಾಗ್ಲೂ ಯಾಕ್ ಬೇಕು ಅನ್ನಿಸ್ತು?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಹುಟ್ದಾಗ್ಲಿಂದ ಎಲ್ರೂ ಇಸ್ಕೊಂಡೇ ಹೋದ್ರು ಕಣಪ್ಪ. ಸ್ಕೂಲು ಬಿಡ್ಸುದ್ರು, ಕೂಲಿ ಇಸ್ಕೊಂಡ್ರು. ಕೊನೆಗ್ ರೋಗ ಇದನ್ನೂ ಇಸ್ಕೊಳ್ತು. ಒಂದಾದ್ರೂ ವಾಪಸ್ ಕೇಳಾನ ಅನ್ನಿಸ್ತು.”

ಇದು ಶೋಕಿಯೆ? ಇದು ಹಕ್ಕಿನ ಮಾತಲ್ಲವೆ? ಕುಯ್ಯೋದು ಎಷ್ಟು ಚಿಕಿತ್ಸೆಯೋ ಕಟ್ಟೋದೂ ಅಷ್ಟೇ ಚಿಕಿತ್ಸೆ. ಅಮೆರಿಕದಲ್ಲಿ 1998ರಲ್ಲಿ, ಮೊಲೆ ತೆಗೆಯುವ ಖರ್ಚು ಕೊಡುವ ವಿಮೆ ಅದನ್ನು ಕಟ್ಟುವ ಖರ್ಚನ್ನೂ ಕೊಡಬೇಕು ಅಂತ ಕಾನೂನು ಆಯಿತು. ಎರಡೂ ಎದೆ ಸಮವಾಗಲು ಬೇಕಾದ ಆಪರೇಷನ್ನೂ ಅದರಲ್ಲಿ ಸೇರಿದೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಬೇಕೆಂದ ಪ್ರತಿ ಹೆಂಗಸಿಗೂ ಇದು ಸಿಗಬೇಕು ಅಂತ, ಸಂಬಳ ಸಹಿತ ರಜೆ ಬೇಕು ಅಂತ, ಬಸ್ ಚಾರ್ಜು ಬೇಕು ಅಂತ ನಮ್ಮ ಸಂಘಟನೆಗಳ ಬೇಡಿಕೆ ಪಟ್ಟಿಯಲ್ಲಿ ಒಂದು ಸಾಲಾದರೂ ಇದೆಯೆ? ಹುಡುಕಿ ನೋಡಿ. ನಾವೂ ಆ ಹಾಳೆ ಮಗುಚಿದವರೇ.

ಡಾಕ್ಟರು ಈಗ ಕೈ ಎತ್ತಬಹುದು ಅಂದಿದ್ದಾರೆ. ಅತ್ತಿಗೆ ದಿನಾ ಗೋಡೆ ಮುಂದೆ ನಿಂತು ಬೆರಳುಗಳನ್ನು ಮೇಲಕ್ಕೆ ನಡೆಸುತ್ತಾರೆ. ಎಲ್ಲಿಗೆ ಮುಟ್ಟಿತೋ ಅಲ್ಲಿಗೆ ಮಗಳು ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಾಳೆ. ಮೊನ್ನೆ ನಾನು ಹೋದಾಗ ಆ ಅಜ್ಜಿಯೂ ಬಂದು ಕೂತು ನೋಡುತ್ತಿತ್ತು. “ಇನ್ನೊಂದ್ ಚೂರು ಎತ್ತವ್ವ” ಅನ್ನುತ್ತಿತ್ತು.