ಕೋಯಂಬೇಡು: ಎರಡು ಲಿಪಿಗಳ ಒಂದು ಹೆಸರು ಮತ್ತು ಭಾರತಿ ಬ್ರೈಲ್

ಅಂಗವಿಕಲರ ಶಿಕ್ಷಣ ಹಾಗೂ ಉದ್ಯೋಗಗಳನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಶಾಲೆ, ಶಾಸನ, ಮೀಸಲಾತಿಗಳ ಸುತ್ತ ನಡೆಯುತ್ತದೆ. ಅಂಧರ ಮಟ್ಟಿಗೆ ಇವುಗಳನ್ನು ಬೆಸೆಯುವ ಕೊಂಡಿ ಲಿಪಿ. ಅದರ ಇತಿಹಾಸವನ್ನು ಕನ್ನಡ-ತಮಿಳುಗಳ ನಿದರ್ಶನದಿಂದ ಇಲ್ಲಿ ಪರಿಶೀಲಿಸುತ್ತೇವೆ.

ಭಾರತದಲ್ಲಿ ಅಂಧರ ಮೊದಲ ಶಾಲೆ 1887ರಲ್ಲಿ ಅಮೃತಸರದಲ್ಲಿ ಆರಂಭವಾಯಿತು. ತಮಿಳು ನಾಡಿನ ಪಾಳೆಯಂಕೋಟೆಯಲ್ಲಿ 1890ರಲ್ಲಿಯೂ, ಎಂ. ಶ್ರೀನಿವಾಸರಾಯರ ಪ್ರಯತ್ನದಿಂದ ಮೈಸೂರಿನಲ್ಲಿ 1901ರಲ್ಲಿಯೂ ಶಾಲೆಗಳು ತಲೆಯೆತ್ತಿದವು. ಆದರೆ ಆರು ಚುಕ್ಕಿಗಳಿಂದ ದೊರೆಯುವ 63 ಸಂಕೇತಗಳನ್ನು ದೇಶದಲ್ಲಿ ಹಲವು ಬಗೆಯಾಗಿ ಬಳಸಲಾಗುತ್ತಿತ್ತು. ಹೀಗಾಗಿ ಒಂದು ಪದ್ಧತಿಯಲ್ಲಿ ಅಚ್ಚಾದ ಪುಸ್ತಕ ಮತ್ತೊಂದನ್ನು ಕಲಿತವರಿಗೆ ನಿಲುಕುತ್ತಿರಲಿಲ್ಲ. 1949ರಲ್ಲಿ ಭಾರತ ಸರ್ಕಾರ ಈ ಸಮಸ್ಯೆಯನ್ನು ಯುನೆಸ್ಕೋದ ಮುಂದಿರಿಸಿತು. 1951ರ ಬೈರೂತ್ ಸಮ್ಮೇಳನದ ತರುವಾಯ ಭಾರತಿ ಬ್ರೈಲ್ ನೆಲೆಗೊಂಡಿತು. ಅದೇ ವರ್ಷ ಡೆಹರಾಡೂನಿನಲ್ಲಿ ಕೇಂದ್ರ ಬ್ರೈಲ್ ಮುದ್ರಣಾಲಯವೂ ಸ್ಥಾಪನೆಯಾಯಿತು.

ಭಾಷೆ ಯಾವುದೇ ಇರಲಿ, ಸಮಾನ ಧ್ವನಿಗೆ ಸಮಾನ ಸಂಕೇತ ಎಂಬುದೇ ಈ ಪದ್ಧತಿಯ ತತ್ತ್ವ. ಚೆನ್ನೈಯ ಕೋಯಂಬೇಡನ್ನು ನೋಡೋಣ. 2002ರಲ್ಲಿ ತೆರೆದ ಬಸ್ ನಿಲ್ದಾಣದಿಂದಾಗಿ ಈ ಹೆಸರು ಕನ್ನಡ ಪ್ರಯಾಣಿಕರಿಗೂ ಪರಿಚಿತ. ಕಣ್ಣಿಗೆ ಇದರ ಕನ್ನಡ ಮತ್ತು ತಮಿಳು ಬರಹಗಳು ತೀರ ಭಿನ್ನ. ಬ್ರೈಲಿನಲ್ಲಿ ಗುಣಿತದ ಚಿಹ್ನೆಗಳಿಲ್ಲ. ವ್ಯಂಜನದ ಮುಂದೆ ಸ್ವರವೇ ಬರುತ್ತದೆ. ಆದುದರಿಂದ ಕನ್ನಡದಲ್ಲಿ ಈ ಪದ ಕ, ಓ, ಯ, ಅನುಸ್ವಾರ, ಬ, ಏ, ಡ, ಉ ಎಂಬ ಎಂಟು ಸಂಕೇತಗಳ ಸಾಲು. ಇವುಗಳಲ್ಲಿ ಕ, ಓ, ಯ, ಏ, ಉ ಎಂಬ ಐದು ತಮಿಳಿನಲ್ಲಿಯೂ ಅವೇ. ಉಳಿದ ಮೂರು ಬೇರೆ: ತಮಿಳು ಅನುಸ್ವಾರದ ಬದಲು ಅರ್ಧ ಮಕಾರವನ್ನು ಬರೆಯುತ್ತದೆ, ಬ, ಡಗಳ ಉಚ್ಚಾರಣೆಗೂ ಪ, ಟಗಳ ಅಕ್ಷರಗಳನ್ನೇ ಬಳಸುತ್ತದೆ.

ಈ ವ್ಯತ್ಯಾಸ ಭಾಷೆಗಳ ಬರವಣಿಗೆಯ ಕ್ರಮದ್ದು, ಬ್ರೈಲಿನದಲ್ಲ. ಕನ್ನಡ ಬ್ರೈಲ್ ಬಲ್ಲವನು ಚೆನ್ನೈಯಲ್ಲಿ ದುಡಿಮೆಗಾಗಿ ತಮಿಳನ್ನು ಕಲಿಯಬೇಕಾದರೆ ಹೊಸ ಅಕ್ಷರಮಾಲೆಯಿಂದ ಆರಂಭಿಸಬೇಕಾಗಿಲ್ಲ. ಭಾಷೆಯನ್ನೂ ಅದರ ಕಾಗುಣಿತವನ್ನೂ ಕಲಿತರೆ ಸಾಕು. ದೃಷ್ಟಿಯುಳ್ಳವರಿಗೆ ಈ ಅನುಕೂಲವಿಲ್ಲ.

ಆದರೆ ಲಿಪಿಯ ಐಕ್ಯ ತಾನಾಗಿಯೇ ಪುಸ್ತಕಗಳನ್ನು ಒದಗಿಸದು. 1995ರ ಅಧಿನಿಯಮ ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆ ಶೇಕಡ 3ಕ್ಕೆ ಕಡಿಮೆಯಿಲ್ಲದ ಮೀಸಲಾತಿ ನೀಡಿತು. 2016ರ ಅಧಿನಿಯಮ ಅದನ್ನು ಶೇಕಡ 4ಕ್ಕೆ ಏರಿಸಿತು. ಅದರಲ್ಲಿ ಶೇಕಡ 1 ಅಂಧರು ಹಾಗೂ ಮಂದದೃಷ್ಟಿಯವರಿಗೆ ಮೀಸಲು. ಹುದ್ದೆ ಮೀಸಲಾದರೂ, ಅದರ ಪರೀಕ್ಷೆಗೆ ಓದಬೇಕಾದ ಪಠ್ಯ ಕೈಗೆಟುಕುವ ರೂಪದಲ್ಲಿ ಇಲ್ಲದಿದ್ದರೆ ಆ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ. ಆದುದರಿಂದ ಕನ್ನಡ ಮುದ್ರಣದ ಚರಿತ್ರೆಯನ್ನು ಬರೆಯುವವರು ಬ್ರೈಲ್ ಮುದ್ರಣವನ್ನೂ ಅದರ ಅಂಗವಾಗಿ ಪರಿಗಣಿಸಬೇಕೆಂಬುದು ನಮ್ಮ ಅಭಿಪ್ರಾಯ. ಹೊರನಾಡಿನ ಸಂಶೋಧಕರಿಗೆ ಈ ಕೆಲಸದಲ್ಲಿ ವಿಶೇಷ ಅವಕಾಶವಿದೆ. ಒಂದೇ ಸಂಕೇತಮಾಲೆ ಎರಡು ಭಾಷೆಗಳಲ್ಲಿ ಬಳಕೆಯಾಗುವ ಬಗೆಯನ್ನು ಅವರು ತಮ್ಮ ನೆರೆಯಲ್ಲಿಯೇ ಅಭ್ಯಸಿಸಬಹುದು.