ರಿಪೇರಿಯಾದ ಸ್ಕೀ

ನೋಡಿ, ಹಿಮದ ಮೇಲೆ ಜಾರಿಕೊಂಡು ಹೋಗೋಕೆ ಕಾಲಿಗೆ ಕಟ್ಟುವ ಉದ್ದನೆಯ ಹಲಗೆಯೇ ಸ್ಕೀ. 2014ರಲ್ಲಿ ನಾರ್ವೆಯ ಡಿಗರ್‌ವಾರ್ಡೆನ್ ಬೆಟ್ಟದಲ್ಲಿ ಮಂಜುಗಡ್ಡೆ ಕರಗಿ, ಮರದ ಸ್ಕೀ ಒಂದು ಹೊರಬಂತು. ಅದರ ಜೋಡಿ ಸಿಕ್ಕಿದ್ದು 2021ರಲ್ಲಿ, ಐದೇ ಮೀಟರ್ ದೂರದಲ್ಲಿ! ವಯಸ್ಸು ಸುಮಾರು 1300 ವರ್ಷ. ಅವುಗಳ ಮೇಲೆ ರಿಪೇರಿಯ ಗುರುತುಗಳಿವೆ. ಸವೆದದ್ದನ್ನು ಯಾರೋ ಸರಿಮಾಡಿಕೊಂಡು ಮತ್ತೆ ಕಾಲಿಗೆ ಕಟ್ಟಿದ್ದರು.

ಇಷ್ಟು ಹಳೆಯ ಮರದ ಕಾಲ ಮುಗಿದದ್ದು ಯಾವಾಗ ಗೊತ್ತಾ? 1974ರಲ್ಲಿ, ಸ್ವೀಡನ್‌ನ ಫಾಲುನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ. 30 ಕಿ.ಮೀ. ಗೆದ್ದ ಥಾಮಸ್ ಮ್ಯಾಗ್ನುಸನ್ ಕಾಲಲ್ಲಿದ್ದದ್ದು ಫೈಬರ್‌ಗ್ಲಾಸ್. 15 ಕಿ.ಮೀ. ಗೆದ್ದ ನಾರ್ವೆಯ ಮ್ಯಾಗ್ನೆ ಮಿರ್ಮೊ ಕಾಲಲ್ಲಿ ಮರ. ಮರದ ಸ್ಕೀಯಲ್ಲಿ ವಿಶ್ವ ಚಾಂಪಿಯನ್ ಆದವರಲ್ಲಿ ಅವರೇ ಕೊನೆಯವರು.

ನಾನು ಎಂಜಿನಿಯರಿಂಗ್ ಓದಿದವನು. ಫೈಬರ್ ವೇಗವಾಗಿದೆ, ಒಪ್ಪಿಕೊಳ್ತೀನಿ. ಆದರೆ ಮರ ಆರೈಕೆ ಕೇಳುತ್ತೆ. ಹಳೇ ಜೋಡಿ ಕೊಳ್ಳುವವರು ಈಗಲೂ ಎರಡರ ತಳವನ್ನೂ ಒಂದಕ್ಕೊಂದು ತಾಗಿಸಿ, ನಡುವೆ ಸಂದು ಉಳಿದಿದೆಯಾ ನೋಡ್ತಾರೆ. ಆ ಬಿಲ್ಲಿನಂಥ ಬಾಗು ಹೋಗಿದ್ದರೆ ಕೊಳ್ಳಲ್ಲ. ಕೊಂಡ ಮೇಲೆ ತಳಕ್ಕೆ ಪೈನ್ ಮರದ ಟಾರ್ ಬಳಿದು, ಬಿಸಿ ಮಾಡಿ ಮರಕ್ಕೆ ಕುಡಿಸ್ತಾರೆ. ಇಲ್ಲದಿದ್ದರೆ ಅದು ನೀರು ಹೀರುತ್ತೆ.

ಆ ಬೆಟ್ಟದ ಅನಾಮಿಕ ಎಸೆಯೋ ಮೊದಲು ಒಂದ್ಸಲ ಸರಿಮಾಡಿ ನೋಡಿದ. ನಾವು ಕೊನೆಯ ಸಲ ಏನನ್ನು ರಿಪೇರಿ ಮಾಡಿಸಿದ್ವಿ, ಹೇಳಿ?